ಮುನ್ನೂರು ವರ್ಷಕ್ಕೆ ಹೊರಟವಳು

ಕಳೆದ ಶನಿವಾರ ನ್ಯೂಯಾರ್ಕಿಗೆ ಹತ್ತಿರದ ಓಲ್ಡ್ ಬ್ರಿಡ್ಜ್ ಊರಿನ ಒಂದು ಹೈಸ್ಕೂಲ್ ಆಡಿಟೋರಿಯಮ್ಮಿನಲ್ಲಿ ನಮ್ಮ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮವಿತ್ತು. ಅಲ್ಲೊಂದು ಜಗಳವಾಯಿತು.

ಸಂಘದಲ್ಲಿ ಜಗಳ ಹೊಸದೇನಲ್ಲ. ಬಿಸಿಬೇಳೆಬಾತಿನ ಸಾಲಿನಲ್ಲಿ ನಡುವೆ ನುಗ್ಗಿದವರ ಮೇಲೆ ಆಗಿದೆ. ಮಗಳ ಭರತನಾಟ್ಯವನ್ನು ಊಟದ ಹೊತ್ತಿಗೆ ಇಟ್ಟಿದ್ದಕ್ಕೆ ಆಗಿದೆ. ಅಧ್ಯಕ್ಷರು ಮೈಕ್ ಬಿಡಲಿಲ್ಲ ಅಂತ ಪ್ರತಿ ವರ್ಷ ಆಗುತ್ತದೆ. ಆದರೆ ಈ ಸಲ ಜನ ಎದ್ದು ನಿಂತು ಜಗಳವಾಡಿದ್ದು ಒಂದು ಕತೆಗಾಗಿ. ಅದೂ ಚೀನೀ ಕತೆ. ಅದೂ ಗಗನನೌಕೆಯ ಕತೆ. ಅದರಲ್ಲಿ ಬರುವ ಹೆಂಗಸು ಭೂಮಿಗೆ ವಾಪಸು ಬರುತ್ತಾಳೋ ಇಲ್ಲವೋ ಅಂತ!

ನಂಬುತ್ತೀರಾ? ಜಗಳಕ್ಕೆ ಕಡ್ಡಿ ಗೀರಿದವಳು ನಾನೇ.

ಮೊದಲಿನಿಂದ ಹೇಳುತ್ತೇನೆ. ಪಿಸ್ಕಾಟವೇಯ ಫೋನ್ ಕಂಪೆನಿಯೊಂದರಲ್ಲಿ ನನ್ನದು ಟೆಸ್ಟಿಂಗ್ ಕೆಲಸ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು. (ಹೊಟ್ಟೆಪಾಡಿಗೆ ಇದಕ್ಕಿಂತ ನನ್ನ ಸ್ವಭಾವಕ್ಕೆ ಒಪ್ಪುವ ಕೆಲಸ ಇನ್ನೊಂದಿಲ್ಲ ಎಂದು ನನ್ನ ಗಂಡ ಹೇಳುತ್ತಿರುತ್ತಾರೆ.) ಪಕ್ಕದ ಕ್ಯೂಬಿಕಲ್ ಲಿನ್‌ಳದು. ಚೀನಾದ ಉತ್ತರದ ತುದಿಯ ಹಾರ್ಬಿನ್ ಊರಿನವಳು. ಇಲ್ಲಿನ ಯೂನಿವರ್ಸಿಟಿಗೆ ಓದಲು ಬಂದು, ಓದು ಮುಗಿಸಿ, ನಮ್ಮ ಕಂಪೆನಿ ಸೇರಿದವಳು. ಮಾತು ಕಡಿಮೆ. ಲಂಚ್ ಹೊತ್ತಿನಲ್ಲಿ ನಾವೆಲ್ಲ ಮನೆ ಸಾಲದ ಬಡ್ಡಿ, ಗ್ರೀನ್ ಕಾರ್ಡು ಅಂತ ಕೊರೆಯುತ್ತಿದ್ದರೆ ಅವಳು ಮೂಲೆಯ ಟೇಬಲಿನಲ್ಲಿ ಚೌಕುಳಿ ಹಾಳೆಯ ಮೇಲೆ ಒಂದೇ ಸಮನೆ ಬರೆಯುತ್ತಿದ್ದಳು.

ಊರಿಗೆ ಕಾಗದ ಬರೆಯುತ್ತಿದ್ದಾಳೆ ಎಂದುಕೊಂಡಿದ್ದೆ. ಎಷ್ಟು ಉದ್ದದ ಕಾಗದ ಅಂತ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಕಾಗದ ಅಲ್ಲ, ಕತೆ" ಎಂದಳು. "ಸೈನ್ಸ್ ಫಿಕ್ಷನ್."

ಅವಳ ಊರಿನಲ್ಲಿ ಇಂಥ ಕತೆಗಳಿಗೆ ಒಂದು ಕಾಲದಲ್ಲಿ ಓದುಗರು ಮುಗಿಬೀಳುತ್ತಿದ್ದರಂತೆ. ಕಾಲೇಜಿನಲ್ಲಿದ್ದಾಗಲೇ ಲಿನ್‌ಳ ಕತೆಗಳು ಅಚ್ಚಾಗಿದ್ದವು. ಆಮೇಲೆ ಮೇಲಿನವರಿಗೆ ಈ ನಕ್ಷತ್ರ, ನೌಕೆಗಳೆಲ್ಲ ಯಾಕೋ ಸರಿಬೀಳಲಿಲ್ಲ. ಪತ್ರಿಕೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಇವಳು ಇಲ್ಲಿಗೆ ಬಂದಳು. ಬಂದ ಮೇಲೆ ಅಲ್ಲಿ ಚೌಕದಲ್ಲಿ ಕೂತಿದ್ದ ವಿದ್ಯಾರ್ಥಿಗಳ ಮೇಲೆ ಟ್ಯಾಂಕು ನುಗ್ಗಿಸಿದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದ್ದೇವೆ. ಈಗ ಹೋದರೆ ಮತ್ತೆ ಹೊರಗೆ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ. ಆದ್ದರಿಂದ ಲಿನ್ ಹೋಗಿಲ್ಲ. ಆದರೆ ಬರೆಯುವುದನ್ನು ಬಿಟ್ಟಿಲ್ಲ.

ಅವಳ ಒಂದು ಕತೆಯನ್ನು ಒಬ್ಬ ಪ್ರೊಫೆಸರು ಇಂಗ್ಲಿಷಿಗೆ ತಂದರು. ನ್ಯೂಯಾರ್ಕಿನ ಸಣ್ಣ ಪತ್ರಿಕೆಯೊಂದು ಹಾಕಿಕೊಳ್ಳುತ್ತೇನೆಂದಿತು, ಆದರೆ ಕೊನೆಯನ್ನು ಸ್ವಲ್ಪ ಬದಲಾಯಿಸಬೇಕು, ಓದುಗರಿಗೆ ಒಂದು ಚೂರು ಸಮಾಧಾನ ಕೊಡಬೇಕು ಎಂದಿತು. ಮಾತು ಕಡಿಮೆಯ ಈ ಲಿನ್ ಏನು ಮಾಡಿದಳು ಗೊತ್ತೇ? ಕತೆಯನ್ನೇ ವಾಪಸು ತರಿಸಿಕೊಂಡಳು. ಅವರು ಕೊನೆಗೆ ಸೋತು, ಇದ್ದದ್ದು ಇದ್ದ ಹಾಗೇ ಹಾಕಿಕೊಂಡರು. ನನಗೆ ಎಷ್ಟು ಖುಷಿಯಾಯಿತೆಂದರೆ ಅವತ್ತು ಕೆಫೆಟೇರಿಯಾದಲ್ಲಿ ಅವಳ ಮುಂದೆ ನನ್ನ ಡಬ್ಬಿಯ ಚಿತ್ರಾನ್ನವಷ್ಟನ್ನೂ ಇಟ್ಟುಬಿಟ್ಟೆ.

ಕತೆ ಇಷ್ಟೇ. ದೂರದಲ್ಲಿ ಒಂದು ನಕ್ಷತ್ರ ಸಾಯುತ್ತಿದೆ. ಅದನ್ನು ಹತ್ತಿರದಿಂದ ಅಳೆಯಲು ಒಬ್ಬರು ಹೊರಡಬೇಕು. ನೌಕೆ ಅಲ್ಲಿ ಸೇರುವಷ್ಟರಲ್ಲಿ ಇಲ್ಲಿ ಮುನ್ನೂರು ವರ್ಷ ಕಳೆದಿರುತ್ತದೆ. ಹಿಂದಿರುಗುವ ಮಾತೇ ಇಲ್ಲ. ಹೊರಡಲು ಒಪ್ಪಿಕೊಂಡವಳು ಮದುವೆಯಾಗದ, ನಡುವಯಸ್ಸಿನ ಒಬ್ಬ ಹೆಂಗಸು. ಹೊರಡುವ ದಿನ ಬೆಳಗ್ಗೆ ತಾಯಿ ಅವಳಿಗೆ ಡಂಪ್ಲಿಂಗ್ ಮಾಡಿ ಬಡಿಸುತ್ತಾಳೆ. (ನಮ್ಮ ಕಡುಬಿನ ದಾಯಾದಿ ಎಂದುಕೊಳ್ಳಿ.) ಲಿನ್‌ಳ ಕಡೆ ಅದೊಂದು ಶಾಸ್ತ್ರ. ಪ್ರಯಾಣ ಹೊರಟವರಿಗೆ ಡಂಪ್ಲಿಂಗ್, ಪ್ರಯಾಣ ಮುಗಿಸಿ ಬಂದವರಿಗೆ ನೂಡಲ್ಸ್. ಮಗಳು ತಿಂದು ಏಳುತ್ತಾಳೆ. ಬಾಗಿಲಲ್ಲಿ ನಿಂತು "ನಾನು ಹೊರಟೆ" ಎನ್ನುತ್ತಾಳೆ. ತಾಯಿ ಏನೂ ಹೇಳುವುದಿಲ್ಲ. ನೌಕೆ ಆಕಾಶಕ್ಕೆ ಏರಿದ ಸದ್ದು ಕೇಳುತ್ತದೆ. ತಾಯಿ ಹಿಟ್ಟಿನ ಡಬ್ಬಿ ಇಳಿಸಿ, ನೂಡಲ್ಸ್ ಮಾಡಲು ಹಿಟ್ಟು ಕಲಸಲು ಕೂರುತ್ತಾಳೆ.

ಅಷ್ಟೇ. ಮುಗಿಯಿತು.

ನಾನು ಮೊದಲ ಸಲ ಓದಿದಾಗ ಕೈಯಲ್ಲಿದ್ದ ಕಾಫಿ ಆರಿ ತಣ್ಣಗಾಗಿತ್ತು.

ಪತ್ರಿಕೆಯವರು ಮ್ಯಾನ್‌ಹಟನ್ನಿನ ಒಂದು ಪುಸ್ತಕದಂಗಡಿಯಲ್ಲಿ ಓದುವ ಕಾರ್ಯಕ್ರಮ ಇಟ್ಟರು. ಲಿನ್ ಜೊತೆಗೆ ನಾನೂ ಟ್ರೈನ್ ಹತ್ತಿದೆ. ಒಳ್ಳೆಯ ಜನ, ಒಳ್ಳೆಯ ಚೀಸು, ವೈನು. ಕತೆ ಓದಿ ಮುಗಿಸಿದ ಮೇಲೆ ಪ್ರಶ್ನೆಗಳು. ನೌಕೆಗೆ ಕೆಂಪು ಬಣ್ಣ ಇದೆಯಲ್ಲ, ಅದು ಪಾರ್ಟಿಯೇ? ಸಾಯುತ್ತಿರುವ ನಕ್ಷತ್ರ ಅಂದರೆ ಸರ್ಕಾರವೇ? ಮಗಳು ಹೋದ ತಕ್ಷಣ ಅಡುಗೆಗೆ ಕೂರುವ ಆ ತಾಯಿಗೆ ಭಾವನೆಗಳೇ ಇಲ್ಲವೇ, ವ್ಯವಸ್ಥೆ ಅವಳನ್ನು ಹಾಗೆ ಮಾಡಿದೆಯೇ?

ಲಿನ್ ತಾಳ್ಮೆಯಿಂದ ಹೇಳಿದಳು: "ಅವಳು ತಾಯಿ. ಅಷ್ಟೇ."

ಯಾರೂ ಕೇಳಿಸಿಕೊಳ್ಳಲಿಲ್ಲ. ಆಮೇಲೆ ಒಂದು ಪತ್ರಿಕೆಯಲ್ಲಿ ನಾಲ್ಕು ಸಾಲಿನ ವಿಮರ್ಶೆ ಬಂತು. ಇದೊಂದು ಮಹತ್ವದ ಡಾಕ್ಯುಮೆಂಟ್ ಅಂತ. ಡಾಕ್ಯುಮೆಂಟಂತೆ! ಅದೇನು ಕತೆಯೋ ರೇಷನ್ ಕಾರ್ಡೋ?

ಅವತ್ತು ಟ್ರೈನಿನಲ್ಲಿ ವಾಪಸು ಬರುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಲಿನ್ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು.

"ಈ ಕತೆ ನಮ್ಮವರ ಕೈಗೆ ಕೊಡು. ಹೇಗೆ ಓದ್ತಾರೆ ನೋಡು" ಎಂದೆ.

"ನಿಮ್ಮವರು ಅಂದರೆ ಇಂಡಿಯನ್ಸಾ?"

"ಕನ್ನಡದವರು."

"ಎಷ್ಟು ಜನ ಇದೀರಿ?"

"ನಿಮ್ಮಷ್ಟಿಲ್ಲ" ಎಂದೆ. (ಸಂಖ್ಯೆಯ ವಿಷಯದಲ್ಲಿ ಚೀನಾದವರ ಜೊತೆ ಪಂದ್ಯ ಕಟ್ಟುವಷ್ಟು ದಡ್ಡಿಯಲ್ಲ ನಾನು.)

ಲಿನ್ ಆ ದಿನ ಮೊದಲ ಸಲ ನಕ್ಕಳು. ಆಮೇಲೆ ಗಂಭೀರವಾಗಿ ಹೇಳಿದಳು: "ಮಾಡು. ಆದರೆ ಆ ಕೊನೆ ಮುಟ್ಟಬೇಡ. ಬಾಗಿಲಲ್ಲಿ ಅವಳು ಆಡೋ ಮಾತು, ಹಿಟ್ಟು. ಅಷ್ಟು ಉಳಿದರೆ ಕತೆ ಉಳಿದ ಹಾಗೆ."

"ಒಂದಕ್ಷರ ಮುಟ್ಟಲ್ಲ" ಎಂದು ಮಾತು ಕೊಟ್ಟೆ.

ಚಳಿಗಾಲವೆಲ್ಲ ನಮ್ಮ ಲಂಚ್ ಅವರ್ ಅದಕ್ಕೇ ಹೋಯಿತು. ಟೀವಿಯಲ್ಲಿ ಗಲ್ಫ್ ಯುದ್ಧ ಶುರುವಾಗಿ ಮುಗಿದೂ ಹೋಯಿತು, ನಾವಿನ್ನೂ ನೌಕೆಯ ಬಾಗಿಲಲ್ಲೇ ಇದ್ದೆವು. ಮುಂದೆ ಇಂಗ್ಲಿಷ್ ಅನುವಾದ, ಪಕ್ಕದಲ್ಲಿ ಲಿನ್, ಅವಳ ಕೈಯಲ್ಲಿ ಮೂಲ. ಅವಳು ಚೀನೀ ಸಾಲು ಓದಿ ಅರ್ಥ ಹೇಳುವಳು. ನಾನು ಕನ್ನಡದಲ್ಲಿ ಬರೆಯುವೆ. ಬರೆದದ್ದನ್ನು ಮತ್ತೆ ಇಂಗ್ಲಿಷಿನಲ್ಲಿ ಅವಳಿಗೆ ಒಪ್ಪಿಸುವೆ. ಅವಳ ಇಂಗ್ಲಿಷ್ ಒಂದು ಕಡೆ ಕುಂಟುತ್ತದೆ, ನನ್ನದು ಇನ್ನೊಂದು ಕಡೆ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಹೇಗೋ ದಾಟಿದೆವು. ಡಂಪ್ಲಿಂಗಿಗೆ ಕಡುಬು ಅಂತಲೇ ಬರೆದೆ, ನೂಡಲ್ಸಿಗೆ ಶಾವಿಗೆ. ಹೊರಟವರಿಗೆ ಕಡುಬು, ಬಂದವರಿಗೆ ಶಾವಿಗೆ ಎಂಬ ಶಾಸ್ತ್ರವನ್ನು ಅವಳ ಒಪ್ಪಿಗೆ ಪಡೆದು ಮೊದಲೇ ಒಂದು ವಾಕ್ಯದಲ್ಲಿ ಸೇರಿಸಿದೆ. ಇಂಗ್ಲಿಷಿನವರು ಅದನ್ನೇ ಬಿಟ್ಟು ತಾಯಿಯನ್ನು ಕಲ್ಲು ಮಾಡಿದ್ದರು.

ಮೊದಲ ಓದು ನಮ್ಮ ಮನೆಯಲ್ಲಿ. ಕೇಳಲು ಕೂತವರು ನಮ್ಮ ಅತ್ತೆ ಮತ್ತು ಮಗಳು ಸ್ವಾತಿ. ಅತ್ತೆ ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದಾರೆ. ಕಾದಂಬರಿಗಳನ್ನು ಕುಡಿದು ಬೆಳೆದವರು, ಸುಲಭಕ್ಕೆ ಮೆಚ್ಚುವವರಲ್ಲ. ನನ್ನ ಈ ಅಂಕಣವನ್ನು ಓದಿ "ಪರವಾಗಿಲ್ಲ" ಎಂದರೆ ನಾನು ಅವತ್ತು ಪಾಯಸ ಮಾಡುತ್ತೇನೆ. ಸ್ವಾತಿಗೆ ಹದಿಮೂರು. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ.

ಓದಿ ಮುಗಿಸಿದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಸದ್ಯ, ಬರ್ತಾಳಲ್ಲ. ಅಷ್ಟು ಸಾಕು ಕಣೇ ಶಾರದಾ" ಎಂದರು.

"ಎಲ್ಲಿ ಬರ್ತಾಳೆ ಅತ್ತೆ? ಮುನ್ನೂರು ವರ್ಷ ಅಂತ ಓದಿದೆನಲ್ಲ."

"ಅದೆಲ್ಲ ನಿಮ್ಮ ಲೆಕ್ಕ. ಅವಳು ಬರ್ತಾಳೆ."

ಸ್ವಾತಿ "ಗ್ರ್ಯಾಂಡ್‌ಮಾ, ದಟ್ಸ್ ನಾಟ್ ಹೌ ಸ್ಪೇಸ್ ವರ್ಕ್ಸ್" ಎಂದಳು. ವಯಸ್ಸಾದವರ ಮೃದು ಮನಸ್ಸು ಎಂದುಕೊಂಡು ನಾನು ಹಾಳೆ ಮಡಚಿಟ್ಟೆ. ತಪ್ಪು ಹುಡುಕುವುದೇ ನನ್ನ ಉದ್ಯೋಗ. ಸಂಬಳ ಕೊಟ್ಟು ಇಟ್ಟುಕೊಂಡಿದ್ದಾರೆ. ಆದರೂ ಅಲ್ಲಿ ಇದ್ದದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

ಸಂಘದ ಕಾರ್ಯದರ್ಶಿ ನಾಗರಾಜ್‌ಗೆ ಕತೆ ಓದುತ್ತೇನೆಂದಾಗ ಅವರಿಗೆ ಗಂಟಲಿನಲ್ಲಿ ಕಡುಬು ಸಿಕ್ಕಿಕೊಂಡಂತಾಯಿತು.

"ಚೀನೀ ಕತೆ ಯಾಕೆ ಮೇಡಂ? ಹಾಸ್ಯ ಪ್ರಹಸನ ಏನಾದ್ರೂ ಮಾಡಬಾರದೇ?"

ಕೊನೆಗೆ ಮಕ್ಕಳ ಫ್ಯಾನ್ಸಿ ಡ್ರೆಸ್ಸಿಗೂ ಲಕ್ಕಿ ಡಿಪ್ಪಿಗೂ ನಡುವೆ ಒಂದಿಷ್ಟು ಜಾಗ ಕೊಟ್ಟರು. ಜನ ಎದ್ದು ಕಾಫಿಗೆ ಹೋಗುವ ಹೊತ್ತು ಅದು ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಲಿನ್ ಬಂದಳು. ಬೂದು ಬಣ್ಣದ ಕೋಟು, ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ. (ಖಾಲಿ ಕೈಯಲ್ಲಿ ಹಬ್ಬಕ್ಕೆ ಹೋಗಬಾರದೆಂಬುದು ಅವರಲ್ಲೂ ಇದೆ.) ಅವಳನ್ನು ಮುಂದಿನ ಸಾಲಿನಲ್ಲಿ ಅತ್ತೆಯ ಪಕ್ಕ ಕೂರಿಸಿದೆ. ಒಬ್ಬರ ಭಾಷೆ ಒಬ್ಬರಿಗೆ ಬಾರದ ಇಬ್ಬರೂ ಬೇವು ಬೆಲ್ಲ ತಿಂದುಕೊಂಡು ಆರಾಮಾಗಿದ್ದರು.

ನಾನು ಓದಲು ನಿಂತಾಗ ಅರ್ಧ ಸಭೆ ಮಾತಿನಲ್ಲಿತ್ತು. ಕಡುಬು ಬಂದಾಗ ಹಿಂದಿನ ಸಾಲುಗಳು ಸುಮ್ಮನಾದವು. ಮಗಳು ಬಾಗಿಲಿಗೆ ಬಂದಾಗ ಕಾಫಿಗೆ ಎದ್ದವರು ನಿಂತಲ್ಲೇ ನಿಂತರು. ತಾಯಿ ಹಿಟ್ಟಿನ ಡಬ್ಬಿ ಇಳಿಸಿದಾಗ ಯಾರೋ ಮೂಗು ಸೀಟಿದ್ದು ಕೇಳಿಸಿತು. ಇಲ್ಲಿ ಒಬ್ಬರೂ ಆ ತಾಯಿಗೆ ಭಾವನೆ ಇದೆಯೇ ಎಂದು ಕೇಳಲಿಲ್ಲ ನೋಡಿ. ಕೆಂಪು ಬಣ್ಣದ ಬಗ್ಗೆ ಕೇಳಲಿಲ್ಲ. ನನಗೆ ಎದೆ ಉಬ್ಬಿತು.

ಆಮೇಲೆ ರಾಮಮೂರ್ತಿಗಳು ಎದ್ದರು. ಯೂನಿವರ್ಸಿಟಿಯಲ್ಲಿ ಫಿಸಿಕ್ಸ್ ಪಾಠ ಮಾಡುವವರು.

"ಕತೆ ಬಹಳ ಚೆನ್ನಾಗಿದೆ. ಆದರೆ ಒಂದು ದೋಷ. ಆಕೆ ಬರ್ತೀನಿ ಅಂತಾಳಲ್ಲ, ಹೇಗೆ ಬರೋಕೆ ಸಾಧ್ಯ? ಆ ವೇಗದಲ್ಲಿ ಹೋದವಳು..."

"ಬರ್ತೀನಿ ಅಂದಮೇಲೆ ಬರ್ತಾಳೆ ಸಾರ್!" ನಡುವೆ ಬಾಯಿ ಹಾಕಿದವರು ಸಯ್ಯದ್ ಸಾಹೇಬರು. ಬೆಂಗಳೂರಿನ ಶಿವಾಜಿನಗರದವರು, ಇಲ್ಲಿ ಟೈರಿನ ಅಂಗಡಿ ಇಟ್ಟಿದ್ದಾರೆ. "ತಾಯಿ ಸುಮ್ನೆ ಶಾವಿಗೆಗೆ ಕೂತ್ಕೊತಾಳಾ?"

"ಅಲ್ರೀ, ಮುನ್ನೂರು ವರ್ಷ ಆದಮೇಲೆ ತಾಯಿ ಎಲ್ಲಿರ್ತಾಳೆ?"

"ಅದು ಬ್ಯಾರೆ ಮಾತ್ರಿ" ಎಂದು ಧಾರವಾಡದ ಕಡೆಯ ಹೆಣ್ಣು ದನಿಯೊಂದು ಎದ್ದಿತು. "ಆಕಿ ಹೇಳ್ಯಾಳಂದ್ರ ಬರ್ತಾಳ. ಬಾಗಲಾಗ ನಿಂತು ಸುಳ್ಳ ಹೇಳ್ತಾರೇನ್ರಿ?"

ಅಷ್ಟೇ. ಸಭೆ ಎರಡಾಯಿತು. ಇಂಧನ ಎಷ್ಟು ಬೇಕು ಎನ್ನುವವರು ಒಂದು ಕಡೆ, ಕೊಟ್ಟ ಮಾತು ಎನ್ನುವವರು ಇನ್ನೊಂದು ಕಡೆ. ನಾಗರಾಜ್ ಲಕ್ಕಿ ಡಿಪ್ಪಿನ ಡಬ್ಬಿ ಹಿಡಿದುಕೊಂಡು ಸ್ಟೇಜಿನ ಮೂಲೆಯಲ್ಲಿ ಕಣ್ಣು ಬಿಡುತ್ತಿದ್ದರು.

ನಾನು ಕೈಯಲ್ಲಿದ್ದ ಹಾಳೆ ನೋಡಿದೆ. ನನ್ನದೇ ಅಕ್ಷರ. ಬಾಗಿಲಲ್ಲಿ ನಿಂತ ಮಗಳ ಬಾಯಲ್ಲಿ ನಾನು ಬರೆದದ್ದು ಹೀಗಿತ್ತು: "ಹೋಗಿ ಬರ್ತೀನಮ್ಮಾ."

ಒಂದಕ್ಷರ ಮುಟ್ಟಲ್ಲ ಎಂದು ಮಾತು ಕೊಟ್ಟವಳು! ಒಂದು ಪತ್ರಿಕೆಯನ್ನೇ ಎದುರು ಹಾಕಿಕೊಂಡು ಲಿನ್ ಕಾಪಾಡಿಕೊಂಡಿದ್ದ ಕೊನೆ ಅದು. ನ್ಯೂಯಾರ್ಕಿನವರು ಕೇಳಿದರೂ ಅವಳು ಕೊಡದ ಸಮಾಧಾನವನ್ನು ಯಾರೂ ಕೇಳದೆಯೇ ನಾನು ಕೊಟ್ಟುಬಿಟ್ಟಿದ್ದೆ.

ನೀವೇ ಹೇಳಿ, ಮನೆಯಿಂದ ಹೊರಡುವ ಮಗಳ ಬಾಯಲ್ಲಿ "ಹೋಗ್ತೀನಿ" ಅಂತ ಬರೆಯಲು ನಿಮ್ಮ ಕೈ ಬರುತ್ತದೆಯೇ? ತರಕಾರಿ ತರಲು ಹೊರಟರೂ ನಾವು ಹೋಗಿ ಬರುವವರೇ. ಚಿಕ್ಕಂದಿನಲ್ಲಿ ಬಾಯಿತಪ್ಪಿ "ಹೋಗ್ತೀನಿ" ಎಂದರೆ ಬೈಸಿಕೊಂಡು, ಮತ್ತೆ ಒಳಗೆ ಬಂದು ಕೂತು, ಸರಿಯಾಗಿ ಹೇಳಿ ಹೊರಟಿದ್ದೇವೆ. ಹಾಗಾಗಿ ಲಿನ್ "ನಾನು ಹೊರಟೆ" ಎಂಬ ಅರ್ಥ ಹೇಳಿದಾಗ ನನ್ನ ಪೆನ್ನು ತನ್ನಷ್ಟಕ್ಕೆ ತಾನು "ಹೋಗಿ ಬರ್ತೀನಿ" ಎಂದು ಬರೆದಿದೆ. ಅವಳಿಗೆ ವಾಪಸು ಒಪ್ಪಿಸುವಾಗ ಇಂಗ್ಲಿಷಿನಲ್ಲಿ "ಐ ಆ್ಯಮ್ ಗೋಯಿಂಗ್" ಎಂದಿದ್ದೇನೆ. ಎರಡೂ ಒಂದೇ ಎಂದು ಪ್ರಾಮಾಣಿಕವಾಗಿ ನಂಬಿದ್ದೇನೆ.

ಸ್ಟೇಜಿನಿಂದ ಇಳಿದು ಲಿನ್ ಹತ್ತಿರ ಹೋದೆ.

"ಏನು ಜಗಳ?" ಎಂದಳು.

ಹೇಳಿದೆ. ಎಲ್ಲ ಹೇಳಿದೆ.

"ವಾಪಸು ಬರ್ತೀನಿ ಅಂತಾಳಾ? ನನ್ನ ಕತೆಯಲ್ಲಿ?"

"ನಮ್ಮಲ್ಲಿ ಹೋಗ್ತೀನಿ ಅನ್ನಲ್ಲ ಲಿನ್. ಹಾಗಂದ್ರೆ ಮತ್ತೆ ಬರಲ್ಲ ಅಂತ. ಅಪಶಕುನ."

"ಯಾರೂ ಅನ್ನಲ್ವಾ?"

"ಯಾರೂ ಅನ್ನಲ್ಲ. ಈಗಲೇ ಮೈಕ್‌ನಲ್ಲಿ ತಪ್ಪಾಯ್ತು ಅಂತ ಹೇಳ್ತೀನಿ. ಸರಿಮಾಡ್ತೀನಿ."

ಅಷ್ಟರಲ್ಲಿ ನಮ್ಮ ಮಾತು ಕೇಳಿಸಿಕೊಂಡು ಸಯ್ಯದ್ ಸಾಹೇಬರು ಹತ್ತಿರ ಬಂದರು. "ನಮ್ಮ ಮನೆ ಉರ್ದುನಲ್ಲೂ ಅಷ್ಟೇ ಅಮ್ಮಾ. 'ಜಾಕೆ ಆತೂಂ' ಅಂತೀವಿ. ಹೋಗಿ ಬರ್ತೀನಿ ಅಂತಾನೇ. ಹೇಳಿ ಆಕೆಗೆ." ಹೇಳಿದೆ. ಅತ್ತೆಗೆ ಏನು ಅರ್ಥವಾಯಿತೋ, ಲಿನ್‌ಳ ಕೈ ಹಿಡಿದುಕೊಂಡರು.

ಲಿನ್ ಸಭೆಯ ಕಡೆ ತಿರುಗಿದಳು. ರಾಮಮೂರ್ತಿಗಳು ಗಾಳಿಯಲ್ಲಿ ಬೆರಳಿನಿಂದ ವೃತ್ತ ಬರೆದು ತೋರಿಸುತ್ತಿದ್ದರು. ಧಾರವಾಡದ ಆಂಟಿ ಅದನ್ನು ನೋಡುವುದಿಲ್ಲವೆಂದು ಮುಖ ತಿರುಗಿಸಿದ್ದರು. ತನ್ನ ಕತೆಯ ಹೆಂಗಸಿಗಾಗಿ ಜನ ಹೀಗೆ ಹೊಡೆದಾಡುವುದನ್ನು ಲಿನ್ ಊರು ಬಿಟ್ಟ ಮೇಲೆ ನೋಡಿರಲಿಲ್ಲ. ಅವಳು ಎದ್ದು ಮೈಕ್ ಹತ್ತಿರ ಹೋದಳು. ಅವಳ ಇಂಗ್ಲಿಷನ್ನು ನಾನು ಪಕ್ಕದಲ್ಲಿ ನಿಂತು, ಊರಿನಿಂದ ಬಂದಿದ್ದ ಹಿರಿಯರಿಗಾಗಿ ಕನ್ನಡದಲ್ಲಿ ಹೇಳುತ್ತಾ ಹೋದೆ.

"ನಾನು ಬರೆದ ಕತೆಯಲ್ಲಿ ಅವಳು ವಾಪಸು ಬರಲ್ಲ" ಎಂದಳು.

ಸಭೆಯಲ್ಲಿ ಗುಜುಗುಜು. ರಾಮಮೂರ್ತಿಗಳು ಗೆದ್ದ ಮುಖ ಮಾಡಿದರು.

"ಅವಳು ನಾನು ಹೊರಟೆ ಅಂತಾಳೆ, ಅಷ್ಟೇ. ನಾನೂ ಹಾರ್ಬಿನ್ ಸ್ಟೇಷನ್ನಿನಲ್ಲಿ ನಮ್ಮ ಅಮ್ಮನಿಗೆ ಅದೇ ಮಾತು ಹೇಳಿ ರೈಲು ಹತ್ತಿದೆ. ಅಮ್ಮ ಏನೂ ಹೇಳಲಿಲ್ಲ. ಮನೆಗೆ ಹೋಗಿ ನೂಡಲ್ಸ್ ಮಾಡಿದಳಂತೆ. ಆಮೇಲೆ ನನ್ನ ತಮ್ಮ ಹೇಳಿದ. ಬರ್ತೀಯ ಅಂತ ಅಮ್ಮ ಅಡುಗೆಯಲ್ಲಿ ಹೇಳಿದಳು. ಬರ್ತೀನಿ ಅಂತ ಹೇಳೋಕೆ ನನಗೆ ಮಾತು ಇರಲಿಲ್ಲ."

ಅದನ್ನೂ ಹೇಗೋ ಕನ್ನಡ ಮಾಡಿದೆ.

"ಇವಳು ಒಂದಕ್ಷರ ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದಳು. ಮುಟ್ಟಿದ್ದಾಳೆ." ಜನ ನಕ್ಕರು. ಈ ವಾಕ್ಯವನ್ನೂ ನಾನೇ ಅನುವಾದ ಮಾಡಬೇಕಾಯಿತು! "ಈಗ ಸರಿಮಾಡ್ತೀನಿ ಅಂತಿದ್ದಾಳೆ. ಬೇಡ. ಚೀನೀ ಭಾಷೆಯಲ್ಲಿ ಅವಳು ಬರಲ್ಲ. ಇಂಗ್ಲಿಷಿನಲ್ಲೂ ಬರಲ್ಲ. ಕನ್ನಡದಲ್ಲಿ ಮಾತ್ರ ಬರಲಿ."

ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸಿದ್ದೇ ತಡ, ಚಪ್ಪಾಳೆ ಬಿತ್ತು ನೋಡಿ! ಇಷ್ಟು ವರ್ಷದಲ್ಲಿ ನಮ್ಮ ಸಂಘದಲ್ಲಿ ಅಂಥ ಚಪ್ಪಾಳೆ ಕೇಳಿಲ್ಲ, ಬೆಂಗಳೂರಿನಿಂದ ಸಿನಿಮಾದವರು ಬಂದಾಗಲೂ ಇಲ್ಲ. ರಾಮಮೂರ್ತಿಗಳು ಕೂಡ ಎದ್ದು ನಿಂತರು. ನಾಗರಾಜ್ ನನ್ನ ಕಿವಿಯಲ್ಲಿ "ಮುಂದಿನ ಸಲ ಅರ್ಧ ಗಂಟೆ ತಗೊಳ್ಳಿ ಮೇಡಂ" ಎಂದರು.

ಹೆಮ್ಮೆ ಅಂದರೆ ಹೆಮ್ಮೆಯೇ. ಮುಚ್ಚಿಡುವುದೇಕೆ? ನಮಗೆ ದೊಡ್ಡ ಬಹುಮಾನಗಳು ಬಂದಾಗ ಹೆಮ್ಮೆಪಡುವುದು ಗೊತ್ತು. ನಾವು ದಿನಕ್ಕೆ ಹತ್ತು ಸಲ ಚಪ್ಪಲಿ ಮೆಟ್ಟುತ್ತಾ ಆಡುವ ಮಾತಿಗೆ ಯಾರು ಹೆಮ್ಮೆಪಟ್ಟಿದ್ದಾರೆ? ನಾನಂತೂ ಪಟ್ಟಿರಲಿಲ್ಲ. ಅದು ಬಾಯಿಗೆ ಬರುವ ಉಗುಳಿನಷ್ಟೇ ಪುಗಸಟ್ಟೆ ಎಂದುಕೊಂಡಿದ್ದೆ. ಹಾರ್ಬಿನ್ನಿನವಳೊಬ್ಬಳು ಬಂದು ತನ್ನ ಕತೆಯ ಮಗಳನ್ನು ಅದರ ಮಡಿಲಿಗೆ ಹಾಕಿದ ಮೇಲೆ ಅದರ ತೂಕ ಗೊತ್ತಾಯಿತು.

ಅವತ್ತು ಸಂಜೆ ಲಿನ್ ನಮ್ಮ ಮನೆಗೇ ಊಟಕ್ಕೆ ಬಂದಳು. ಅತ್ತೆ ಹಟ ಹಿಡಿದು ಶಾವಿಗೆ ಮಾಡಿದರು, ನಿಂಬೆಹಣ್ಣು ಹಿಂಡಿ, ಕಡಲೆಬೇಳೆ ಒಗ್ಗರಣೆ ಹಾಕಿ. ಪ್ಯಾಕೆಟ್ಟಿನ ಶಾವಿಗೆಯೇ, ಆದರೂ ಶಾವಿಗೆ. ಬಂದವರಿಗೆ ಅದನ್ನೇ ಕೊಡಬೇಕಲ್ಲ ಎಂದು ನನ್ನನ್ನೇ ಗದರಿದರು. ಲಿನ್ ಎರಡು ಸಲ ಹಾಕಿಸಿಕೊಂಡಳು. ಹೊರಡುವಾಗ ಬಾಗಿಲಲ್ಲಿ ಅತ್ತೆಯ ಕಡೆ ತಿರುಗಿ ನಿಂತಳು. ಆ ಮಾತನ್ನು ನನ್ನಿಂದ ಕಾರಿನಲ್ಲೇ ಕಲಿತಿದ್ದಳು. ಹೇಳಿದಳು. ಅತ್ತೆ "ಹೋಗಿ ಬಾಮ್ಮಾ" ಎಂದು ತಲೆ ಸವರಿದರು.

ಇದನ್ನು ಬರೆಯುತ್ತಿರುವುದು ಮಂಗಳವಾರ. ನಿನ್ನೆ ಲಿನ್ ಊರಿಗೆ ಫೋನ್ ಮಾಡಿದ್ದಳಂತೆ. ಅವಳ ಅಮ್ಮನ ಮನೆಯಲ್ಲಿ ಫೋನಿಲ್ಲ, ಕೆಳಗಿನ ಮನೆಗೆ ಮಾಡಿ ಕರೆಸಬೇಕು. ಫೋನ್ ಇಡುವ ಮುಂಚೆ ಲಿನ್ ತನ್ನ ಭಾಷೆಯಲ್ಲೇ ಹೇಗೋ ಜೋಡಿಸಿ, ಹೋಗಿ ಬರ್ತೀನಿ ಎಂದಳಂತೆ. ಇದೇನು ಹೊಸ ಮಾತು, ಯಾರು ಕಲಿಸಿದರು ಎಂದು ಅಮ್ಮ ಕೇಳಿದರಂತೆ. ಕನ್ನಡದವರು ಎಂದಳಂತೆ ಲಿನ್. ಹಾರ್ಬಿನ್ನಿನ ಒಂದು ಮನೆಯಲ್ಲಿ ನಮ್ಮ ಹೆಸರು ಹಾಗೆ ಬಿತ್ತು. ನಾನು ಆಫೀಸಿನಲ್ಲಿ ಇಡೀ ದಿನ ಒಂದು ತಪ್ಪನ್ನೂ ಹುಡುಕಲಿಲ್ಲ, ಸುಮ್ಮನೆ ಬೀಗುತ್ತಾ ಕೂತಿದ್ದೆ.

ಇವತ್ತು ಬೆಳಗ್ಗೆ ಸ್ವಾತಿ ಬ್ಯಾಗ್ ಹೆಗಲಿಗೇರಿಸಿ, "ಬೈ!" ಎಂದು ಬಾಗಿಲು ದಡಾರನೆ ಎಳೆದುಕೊಂಡು ಬಸ್ಸಿಗೆ ಓಡಿದಳು. ಕಿಟಕಿಯ ಹತ್ತಿರ ನಿಂತಿದ್ದ ಅತ್ತೆ ಮುಚ್ಚಿದ ಗಾಜಿನ ಈಚೆಯಿಂದಲೇ "ಹೋಗಿ ಬಾ ಪುಟ್ಟಿ" ಎಂದರು.

ದಿನಾ ಇಂಗ್ಲಿಷಿನಲ್ಲಿ ಹೊರಡುವ ನಮ್ಮ ಮಕ್ಕಳು ಯಾವ ಭಾಷೆಯಲ್ಲಿ ವಾಪಸು ಬರುತ್ತಾರೆ?